ಹಬ್ಬದ ದಿನ ಅವ್ವನಿಗೂ ಹಬ್ಬವಿರಲಿ



ಕ್ರಿಸ್ತಜಯಂತಿ ಬಂತೆಂದರೆ ಶಾಲೆಗೆ ರಜೆ, ಕಚೇರಿಗೆ ರಜೆ, ಬ್ಯಾಂಕಿಗೆ ರಜೆ. ಪುಣೆ, ಗೋವಾ, ಬೆಂಗಳೂರು ಎಂದು ದುಡಿಯಲು ಹೋದವರೂ ಚೀಲ ಹೆಗಲಿಗೇರಿಸಿ ಊರ ದಾರಿ ಹಿಡಿಯುತ್ತಾರೆ. ಆದರೆ ನಿಮ್ಮ ಮನೆಯಲ್ಲಿ ಅಂದು ರಜೆಯೇ ಇಲ್ಲದವರು ಒಬ್ಬರಿದ್ದಾರೆ. ರಜೆ ಇಲ್ಲದಿರುವುದು ಹಾಗಿರಲಿ, ಅವರ ಕೆಲಸ ಅಂದು ಇಮ್ಮಡಿಯಾಗುತ್ತದೆ. ಅವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. "ಹಬ್ಬ ಒಂದ್ಸಲ ಮುಗದ್ರ ಸಾಕಾಗೈತ್ರಿ ಫಾದರ್" ಎಂಬ ಮಾತು ಡಿಸೆಂಬರ್ ತಿಂಗಳಲ್ಲಿ ಮನೆಮನೆಯ ತಾಯಂದಿರ ಬಾಯಿಂದ ಕೇಳಿಬರುತ್ತದೆ. ನಾವು ಅದನ್ನು ಕೇಳಿ ನಕ್ಕು ಸುಮ್ಮನಾಗುತ್ತೇವೆ. ಪ್ರಭುವಿನ ಜನನದ ಹಬ್ಬ ಬೇಗ ಮುಗಿದುಹೋಗಲಿ ಎಂದು ಒಬ್ಬ ವಿಶ್ವಾಸಿ ಹಾರೈಸಬೇಕಾದರೆ ಎಲ್ಲೋ ಏನೋ ತಪ್ಪಿದೆ ಎಂದು ನಿಮಗೆ ಅನ್ನಿಸುವುದಿಲ್ಲವೇ? ಈ ವಾರ ಅದನ್ನೇ ಒಟ್ಟಾಗಿ ಚಿಂತಿಸೋಣ.

ಆಗಮನ ಕಾಲದ ಅವ್ವ

ಅಂಕಲಗಿಯಂಥ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಡಿಸೆಂಬರ್ ಎಂದರೆ ಕಬ್ಬು ಕಡಿಯುವ ಕಾಲ. ರಾತ್ರಿಯೆಲ್ಲ ಕಬ್ಬಿನ ಟ್ರ್ಯಾಕ್ಟರುಗಳು ಓಡಾಡುತ್ತವೆ. ಬೆಳಗಿನ ಚಳಿಯಲ್ಲಿ ಎದ್ದು, ಕಸ ಹೊಡೆದು, ನೀರು ತುಂಬಿ, ಹಂಚಿಟ್ಟು ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಕಟ್ಟುವುದು ದಿನನಿತ್ಯದ ಕೆಲಸ. ಹಬ್ಬ ಬಂತೆಂದು ಇದರಲ್ಲಿ ಒಂದೂ ಕಡಿಮೆಯಾಗುವುದಿಲ್ಲ. ಇದರ ಮೇಲೆ ಗೋಡೆಗೆ ಸುಣ್ಣ, ಅಟ್ಟದ ಪಾತ್ರೆ ಇಳಿಸಿ ಬೆಳಗುವುದು, ಹಾಸಿಗೆ ಹೊದಿಕೆ ಒಗೆಯುವುದು, ಮಕ್ಕಳ ಅರಿವೆ, ಬೀಗರ ಉಪಚಾರ. ರಾತ್ರಿ ಎಲ್ಲರೂ ಉಂಡು ಮಲಗಿದ ಮೇಲೆ ಕರ್ಚಿಕಾಯಿ, ಚಕ್ಕಲಿ, ಶಂಕರಪಾಳಿ, ಉಂಡಿ.

ಈ ಕರ್ಚಿಕಾಯಿಯನ್ನು ಹಗುರವಾಗಿ ಕಾಣಬೇಡಿ. ಬೆಳಗಾವಿ ಕ್ಯಾಂಪಿನ ಕೊಂಕಣಿ ಮನೆಗಳಲ್ಲಿ ಇದನ್ನೇ ನೆವ್ರಿ ಎನ್ನುತ್ತಾರೆ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಕ್ರೈಸ್ತ ಮನೆಗಳು ಕಡಿಮೆ, ನೆರೆಹೊರೆ ದೊಡ್ಡದು. ದೀಪಾವಳಿಗೆ ಫರಾಳ ಕಳಿಸಿದವರಿಗೆ, ಎಳ್ಳ ಅಮಾವಾಸ್ಯೆಗೆ ಚರಗದ ಊಟಕ್ಕೆ ಹೊಲಕ್ಕೆ ಕರೆದವರಿಗೆ, ಕ್ರಿಸ್ತಜಯಂತಿಯಂದು ನಮ್ಮ ಮನೆಯ ತಾಟು ಹೋಗುತ್ತದೆ. ನಾವು ಗುರುಗಳು ಸಾಕ್ಷ್ಯದ ಜೀವನವೆಂದು ಪೀಠದಿಂದ ಬೋಧಿಸುವುದನ್ನು ತಾಯಿ ಒಂದು ತಾಟಿನಲ್ಲಿಟ್ಟು, ಮೇಲೊಂದು ಅರಿವೆ ಮುಚ್ಚಿ, ಪಕ್ಕದ ಮನೆಗೆ ಮುಟ್ಟಿಸುತ್ತಾಳೆ.

ಆದರೆ ಇಪ್ಪತ್ನಾಲ್ಕರ ರಾತ್ರಿ ದೇವಾಲಯದಲ್ಲಿ ಆಕೆಯ ಸ್ಥಾನ ಎಲ್ಲಿ? ಎಲ್ಲರನ್ನೂ ಅಣಿಗೊಳಿಸಿ ಕೊನೆಗೆ ಬರುತ್ತಾಳೆ, ಹಿಂದೆ ನಿಲ್ಲುತ್ತಾಳೆ. ಮಡಿಲಲ್ಲಿ ಮಗು ನಿದ್ದೆ ಮಾಡುತ್ತದೆ, ವಾಚನದ ಹೊತ್ತಿಗೆ ಆಕೆಯ ಕಣ್ಣೂ ಮುಚ್ಚಿ ಬರುತ್ತದೆ. ಆಗಮನ ಕಾಲದ ಪಾಪನಿವೇದನೆಗೆ ಮನೆಯವರೆಲ್ಲ ಬಂದಿರುತ್ತಾರೆ, ಆಕೆಗೆ ಹೊತ್ತು ಸಿಕ್ಕಿರುವುದಿಲ್ಲ. ಮನೆಗೆ ಮರಳಿ ಒಂದು ನಿದ್ದೆ ಮಾಡುವಷ್ಟರಲ್ಲಿ ಒಲೆ ಹೊತ್ತಿಸುವ ಹೊತ್ತು. ಎಲ್ಲರಿಗೂ ಹಬ್ಬ ಮಾಡಿಕೊಟ್ಟವಳಿಗೆ ಹಬ್ಬ ಉಳಿಯಲಿಲ್ಲ.

ಗೋದಲಿಯ ಬಳಿ ಮೊದಲು ನಿಂತವರು

ಪಟ್ಟಣದ ಮಕ್ಕಳಿಗೆ ಗೋದಲಿ ಎಂದರೆ ಬಣ್ಣದ ಕಾಗದ, ಹುಲ್ಲು, ಮಿನುಗುವ ದೀಪ. ಹಳ್ಳಿಯ ತಾಯಿಗೆ ಹಾಗಲ್ಲ. ದನ ಕಟ್ಟುವ ಜಾಗ ಎಷ್ಟೋ ಮನೆಗಳಲ್ಲಿ ತಲಬಾಗಿಲ ಒಳಗೇ ಇರುತ್ತಿತ್ತು. ಅಲ್ಲಿಯ ಸಗಣಿ ಬಳಿಯುವುದು, ಮೇವು ಹಾಕುವುದು, ಕರುವಿಗೆ ನೀರು ತೋರಿಸುವುದು ಆಕೆಗೆ ದಿನದ ಪಾಠ. ದೇವಪುತ್ರ ಬಂದು ಮಲಗಿದ್ದು ಗುಡಿ ಗೋಪುರದಲ್ಲಲ್ಲ, ಆಕೆ ದಿನವೂ ಕಸಬರಿಗೆ ಹಿಡಿದು ನಿಲ್ಲುವ ಜಾಗದಲ್ಲಿ.

ಸಂತ ಲೂಕರ ಶುಭಸಂದೇಶವನ್ನು ಗಮನವಿಟ್ಟು ಓದಿ (ಲೂಕ 2:7). ಮರಿಯಮ್ಮನವರು ಹೆತ್ತರು, ಬಟ್ಟೆಯಲ್ಲಿ ಸುತ್ತಿದರು, ಗೋದಲಿಯಲ್ಲಿ ಮಲಗಿಸಿದರು. ಹೆತ್ತ ತಾಯಿಯೇ ಕೂಸಿಗೆ ಬಟ್ಟೆ ಸುತ್ತಿದರೆಂದು ಶುಭಸಂದೇಶ ಹೇಳುತ್ತದೆ. ಪ್ರಪಂಚದ ಮೊದಲ ಕ್ರಿಸ್ತಜಯಂತಿಯ ಮೊದಲ ಕೆಲಸ ತಾಯಿಯೊಬ್ಬಳ ಕೈಕೆಲಸ. ಆದುದರಿಂದ ಮನೆಗೆಲಸ ಹಬ್ಬಕ್ಕೆ ಹೊರಗಿನದು, ಪ್ರಾರ್ಥನೆ ಮಾತ್ರ ಒಳಗಿನದು ಎಂದು ಯಾರೂ ಎಣಿಸಬಾರದು.

ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ (ಲೂಕ 2:19). ಕುರುಬರು ಬಂದು ತಾವು ಕಂಡುಕೇಳಿದ್ದನ್ನು ಹೇಳಿದಾಗ ಮರಿಯಮ್ಮನವರು ಅದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಧ್ಯಾನಿಸಿದರು. ಬಟ್ಟೆ ಸುತ್ತಿದ ಅದೇ ತಾಯಿಗೆ ಧ್ಯಾನಿಸಲು ಬಿಡುವೂ ಇತ್ತು. ಪಕ್ಕದಲ್ಲಿ ಸಂತ ಜೋಸೆಫರಿದ್ದರು. ನಮ್ಮ ಮನೆಯ ತಾಯಿಗೆ ಮೊದಲನೆಯದನ್ನು ಮಾತ್ರ ಕೊಟ್ಟು ಎರಡನೆಯದನ್ನು ಕಸಿದುಕೊಂಡರೆ ಅದು ಬೆತ್ಲೆಹೇಮಿನ ಹಬ್ಬವಾಗುವುದೇ?

ಮಾರ್ತಳ ದೂರು

ಇಂಥ ಮಾತು ಬಂದಾಗ ಮಾರ್ತ ಮತ್ತು ಮರಿಯಳ ಕಥೆಯನ್ನು ತಾಯಂದಿರಿಗೇ ಹೇಳುವುದು ರೂಢಿ (ಲೂಕ 10:38-42). 'ಮಾರ್ತಳಂತೆ ಒದ್ದಾಡಬೇಡಿ, ಮರಿಯಳಂತೆ ಪ್ರಭುವಿನ ಪಾದದ ಬಳಿ ಕುಳಿತುಕೊಳ್ಳಿ.' ಒಳ್ಳೆಯ ಉಪದೇಶವೇ. ಆದರೆ ಮಾರ್ತ ಕುಳಿತರೆ ಅಂದಿನ ರೊಟ್ಟಿ ಬಡಿಯುವವರು ಯಾರು? ಈ ಪ್ರಶ್ನೆಗೆ ಉತ್ತರ ಕೊಡದೆ ಉಪದೇಶಿಸಿದರೆ ಅದು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತಾಗುತ್ತದೆ.

ಪ್ರಭು ಅಡುಗೆಯನ್ನು ಹಳಿಯಲಿಲ್ಲ, ಆಕೆಯ ಚಿಂತೆ ಕಳವಳವನ್ನು ಕಂಡು ಮರುಗಿದರು. ಮಾರ್ತಳ ದೂರನ್ನು ಕೇಳಿ ನೋಡಿ: ಕೆಲಸ ಹೆಚ್ಚಾಯಿತೆಂದಷ್ಟೇ ಅಲ್ಲ, ತನ್ನನ್ನು ಒಂಟಿಯಾಗಿ ಬಿಟ್ಟರೆಂಬುದು ಆಕೆಯ ನೋವು. ಹತ್ತು ಕೈ ಸೇರಿದರೆ ಮಾರ್ತಳೂ ಪ್ರಭುವಿನ ಪಾದದ ಬಳಿ ಕುಳಿತುಕೊಳ್ಳಬಹುದು. ಆದ್ದರಿಂದ ಈ ಕಥೆಯನ್ನು ಒಲೆಯ ಮುಂದಿರುವವರಿಗಿಂತ ಕಟ್ಟೆಯ ಮೇಲೆ ಕುಳಿತವರಿಗೆ ಹೇಳುವುದು ಲೇಸು.

ಗಂಡಸರು ಒಲೆಯ ಬಳಿ ಹೋಗುವುದು ಹೇಗೆ ಎನ್ನುವಿರಾ? ಯೊವಾನ್ನರ ಶುಭಸಂದೇಶದ 21ನೆಯ ಅಧ್ಯಾಯ ತೆರೆಯಿರಿ. ಪುನರುತ್ಥಾನರಾದ ಪ್ರಭು ಸರೋವರದ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಸಿದ್ಧಪಡಿಸಿ, ರಾತ್ರಿಯಿಡೀ ದುಡಿದು ದಣಿದ ಶಿಷ್ಯರನ್ನು ಬಂದು ಉಣ್ಣಿರೆಂದು ಕರೆದರು. ಮರಣವನ್ನೇ ಗೆದ್ದವರಿಗೆ ಒಲೆ ಹೊತ್ತಿಸುವುದು ಮರ್ಯಾದೆಗೆ ಕುಂದಾಗಲಿಲ್ಲ. ನಮಗೆ ಏಕೆ ಆಗಬೇಕು?

ಇದು ದಯೆಯಲ್ಲ, ನ್ಯಾಯ

ಧರ್ಮಶಾಸ್ತ್ರದಲ್ಲಿ ದಯೆ ಮತ್ತು ನ್ಯಾಯ ಎರಡೂ ಸದ್ಗುಣಗಳು, ಆದರೆ ಒಂದೇ ಅಲ್ಲ. ನನ್ನದನ್ನು ಕೊಟ್ಟರೆ ದಯೆ, ಅವರದನ್ನು ಅವರಿಗೆ ಸಲ್ಲಿಸಿದರೆ ನ್ಯಾಯ. ತಾಯಿಗೆ ಹಬ್ಬದ ದಿನ ಬಿಡುವು ಕೊಡುವುದು ಇವುಗಳಲ್ಲಿ ಯಾವುದು?

ಮೋಶೆಗೆ ಕೊಟ್ಟ ಆಜ್ಞೆಯನ್ನು ನೋಡಿರಿ (ಧರ್ಮೋಪದೇಶಕಾಂಡ 5:14). ಸಬ್ಬತ್ ದಿನದಂದು ಮಗ, ಮಗಳು, ಆಳು, ಎತ್ತು, ಕತ್ತೆ, ಪರದೇಶಿ ಎಲ್ಲರಿಗೂ ವಿಶ್ರಾಂತಿ ಇರಬೇಕೆಂದು ಅಲ್ಲಿದೆ. ಹೆಂಡತಿಯ ಹೆಸರು ಬೇರೆಯಾಗಿ ಬರುವುದಿಲ್ಲ. 'ನೀನು' ಎನ್ನುವ ಮಾತಿನಲ್ಲಿ ಮನೆಯೊಡೆಯನ ಜೊತೆ ಮನೆಯೊಡತಿಯೂ ಸೇರಿದ್ದಾಳೆಂದು ತಿಳಿಯಬೇಕು. ಎತ್ತಿನ ನೊಗ ಬಿಚ್ಚಿ ಹೆತ್ತವ್ವನನ್ನು ಹೂಡುವುದು ದೇವರ ಚಿತ್ತವಲ್ಲ.

1983ರ ಧರ್ಮಸಭಾ ಶಾಸನ ಸಂಹಿತೆಯ 1247ನೆಯ ವಿಧಿ ಭಾನುವಾರ ಹಾಗೂ ಕಡ್ಡಾಯದ ಹಬ್ಬಗಳಂದು ಬಲಿಪೂಜೆಯಲ್ಲಿ ಭಾಗವಹಿಸಬೇಕು, ದಿನದ ಆನಂದಕ್ಕೂ ದೇಹ-ಮನಸ್ಸಿನ ವಿಶ್ರಾಂತಿಗೂ ಅಡ್ಡಿಯಾಗುವ ಕೆಲಸಗಳಿಂದ ದೂರವಿರಬೇಕು ಎನ್ನುತ್ತದೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (2187) ಇನ್ನೂ ಮುಂದೆ ಹೋಗಿ, ಇತರರು ಪ್ರಭುವಿನ ದಿನವನ್ನು ಆಚರಿಸಲು ತಡೆಯಾಗುವಂಥ ಅನಗತ್ಯ ಬೇಡಿಕೆಗಳನ್ನು ಅವರ ಮೇಲೆ ಹೇರಬಾರದೆಂದು ತಿಳಿಸುತ್ತದೆ. 'ಇತರರು' ಎಂದರೆ ಅಂಗಡಿಯವರು, ಬಸ್ಸಿನವರು ಮಾತ್ರವೇ? 'ಯವ್ವಾ, ಇನ್ನೊಂದು ಚಹಾ' ಎಂದು ಕುಳಿತಲ್ಲಿಂದಲೇ ಐದನೆಯ ಸಲ ಕೂಗುವಾಗ ಈ ಮಾತು ನೆನಪಿರಲಿ.

ಭಾರತ ಸರಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಲೆಕ್ಕವನ್ನೂ ಕೇಳಿರಿ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಆ ಕೆಲಸಕ್ಕೆ ಕೈ ಹಾಕಿದ ಗಂಡಸರೇ ನೂರಕ್ಕೆ 26 ಮಂದಿ. ಇದು ಸಾಮಾನ್ಯ ದಿನದ ಲೆಕ್ಕ, ಹಬ್ಬದ ದಿನದ್ದಲ್ಲ.

ತಂದೆತಾಯಿಯರ ಋಣವನ್ನು ಸಮನಾಗಿ ತೀರಿಸುವುದು ಮಕ್ಕಳಿಂದ ಆಗದು ಎಂದು ಸಂತ ಥಾಮಸ್ ಅಕ್ವಿನಾಸರು ಹೇಳುತ್ತಾರೆ. ತೀರಿಸಲಾಗದ ಋಣವೆಂದು ಸುಮ್ಮನೆ ಕೂರಬೇಕೆಂದಲ್ಲ, ಬದುಕಿರುವವರೆಗೂ ಸಲ್ಲಿಸುತ್ತಿರಬೇಕೆಂದು ಇದರ ಅರ್ಥ. ಜಗದ್ಗುರು ಎರಡನೆಯ ಜಾನ್ ಪಾಲರು 1995ರ ಜೂನ್ 29ರಂದು ಲೋಕದ ಸ್ತ್ರೀಯರಿಗೆಲ್ಲ ಒಂದು ಪತ್ರ ಬರೆದು, ಅದರಲ್ಲಿ ತಾಯಂದಿರಿಗೆ ವಿಶೇಷವಾಗಿ ಕೃತಜ್ಞತೆ ಹೇಳಿದರು. ಜಗದ್ಗುರುಗಳ ಬಾಯಿಂದ ಬಂದ ಆ ಮಾತು ನಮ್ಮ ಬಾಯಿಂದ ಬರಲು ಏಕಿಷ್ಟು ಸಂಕೋಚ?

ಸಾಲದ ಹಬ್ಬ ಬೇಡ

ಇನ್ನೊಂದು ಭಾರವನ್ನು ಹೇಳದೆ ಇರಲಾಗದು. ಕಬ್ಬು ಸಾಗಿಸಿದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಆದರೂ ಬಿಲ್ಲಿನ ದಾರಿ ಕಾಯುವ ಮನೆಗಳು ಎಷ್ಟಿವೆಯೆಂದು ಈ ಸೀಮೆಯವರಿಗೆ ಗೊತ್ತು. ಬಿಲ್ಲು ಬರಲಿಲ್ಲ, ಹಬ್ಬ ಬಂತು. ಆಗ ಮನೆಯವರ ಕಣ್ಣು ತಾಯಿಯ ಕಡೆ ತಿರುಗುತ್ತದೆ: ಸಂಘದಲ್ಲಿ ಸಾಲ ಎತ್ತು. ಅರಿವೆ ಎಲ್ಲರಿಗೆ, ಸಾಲ ಆಕೆಯ ಹೆಸರಿಗೆ, ವಾರದ ಕಂತಿನ ದಿನ ಬಾಗಿಲಲ್ಲಿ ನಿಂತವರಿಗೆ ಉತ್ತರ ಹೇಳುವವಳೂ ಆಕೆಯೇ. ಕಿರುಸಾಲ ವಸೂಲಿಯ ಕಿರುಕುಳ ಎಷ್ಟು ಮನೆಗಳನ್ನು ನುಂಗಿತೆಂದರೆ, ಅದನ್ನು ತಡೆಯಲು ರಾಜ್ಯ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬೆಳಗಾವಿ ಜಿಲ್ಲೆಯ ಹಳ್ಳಿಗಳ ಹೆಣ್ಣುಮಕ್ಕಳೂ ಆಗ ಕಣ್ಣೀರು ಹಾಕಿದ್ದರು.

ಸತ್ರದಲ್ಲಿ ಸ್ಥಳವಿಲ್ಲದೆ ಹುಟ್ಟಿದ ಪ್ರಭುವಿನ ಹೆಸರಿನಲ್ಲಿ ಸಾಲ ಮಾಡಿ ಮೆರೆಯುವುದು ತರವೇ? ಕುರುಬರು ಉಡುಗೊರೆ ತಂದರೆಂದು ಸಂತ ಲೂಕರು ಬರೆದಿಲ್ಲ. ಬಂದರು, ಕಂಡರು, ದೇವರನ್ನು ಕೊಂಡಾಡುತ್ತ ಹೋದರು. ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ಹಳೆಯ ಅಂಗಿ ಒಗೆದು ಇಸ್ತ್ರಿ ಮಾಡಿ ತೊಟ್ಟರೂ ಅದು ಹಬ್ಬದ ಅಂಗಿಯೇ.

ತಾಯಂದಿರಿಗೆ ಒಂದು ಮಾತು

ಅವ್ವಂದಿರೆ, ಅಕ್ಕಂದಿರೆ, ನಿಮಗೂ ಒಂದು ಮಾತು. ಗಂಡುಮಗ ಕಸಬರಿಗೆ ಹಿಡಿದರೆ 'ಬಿಡೋ, ಅದು ನಿನ್ನ ಕೆಲಸ ಅಲ್ಲ' ಎಂದು ಕಸಿದುಕೊಳ್ಳುವವರು ಎಷ್ಟೋ ಸಲ ನೀವೇ. ಅತ್ತೆಯ ಕಾಲದಲ್ಲಿ ತಾನು ಪಟ್ಟದ್ದನ್ನು ಸೊಸೆಯೂ ಪಡಲಿ ಎನ್ನುವ ಅತ್ತೆಯರೂ ಇದ್ದಾರೆ. ಎದುರು ಮನೆಯಲ್ಲಿ ಐದು ಬಗೆ ಮಾಡಿದರೆಂದು ಏಳು ಬಗೆ ಮಾಡಬೇಕೆಂಬ ಹಟವೂ ಉಂಟು. ಇದನ್ನು ಪ್ರಭು ನಿಮ್ಮಿಂದ ಕೇಳಿಲ್ಲ. ಎರಡು ಬಗೆ ಸಾಕು. ಮಿಕ್ಕ ಹೊತ್ತಿನಲ್ಲಿ ಗೋದಲಿಯ ಮುಂದೆ ಕುಳಿತುಕೊಳ್ಳಿ.

ಮಾಡಿ ಹಾಕುವುದರಲ್ಲಿ ಆನಂದವಿಲ್ಲವೆಂದು ನಾನು ಹೇಳುತ್ತಿಲ್ಲ. ನಮ್ಮ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಸುಟ್ಟಟ್ಟಿ ಗ್ರಾಮದ ಅಜ್ಜಿಯೊಬ್ಬರು 2024ರಲ್ಲಿ ತಮಗೆ ತಿಂಗಳಿಗೆ 2000 ರೂಪಾಯಿಯಂತೆ ಬಂದ ಗೃಹಲಕ್ಷ್ಮಿ ಹಣವನ್ನು ಕೂಡಿಟ್ಟು ಊರವರಿಗೆ ಹೋಳಿಗೆ ಊಟ ಹಾಕಿಸಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಅವರನ್ನು ಯಾರೂ ಒತ್ತಾಯಿಸಲಿಲ್ಲ. ಕೈಯಲ್ಲಿ ತಮ್ಮದೆನ್ನುವ ಹಣವಿತ್ತು, ಮನಸ್ಸು ಬಂತು, ಕೊಟ್ಟರು. ಮನಸ್ಸಿನಿಂದ ಕೊಟ್ಟದ್ದು ಕಾಣಿಕೆ, ಹೇರಿಸಿ ಪಡೆದದ್ದು ಬಿಟ್ಟಿ. ಒಂದೇ ಹೋಳಿಗೆ ಒಂದು ಮನೆಯಲ್ಲಿ ಕಾಣಿಕೆಯಾಗುತ್ತದೆ, ಇನ್ನೊಂದು ಮನೆಯಲ್ಲಿ ಬಿಟ್ಟಿಯಾಗುತ್ತದೆ.

ಈ ವರ್ಷ ಏನು ಮಾಡೋಣ?

ಮೊದಲನೆಯದಾಗಿ, ಹಬ್ಬಕ್ಕೆ ಒಂದು ವಾರ ಮುಂಚೆ ಮನೆಯವರೆಲ್ಲ ಕುಳಿತು ಕೆಲಸಗಳನ್ನು ಹೆಸರು ಹಿಡಿದು ಹಂಚಿಕೊಳ್ಳಿ. ಸುಣ್ಣ ಯಾರು, ಸಂತೆ ಯಾರು, ಪಾತ್ರೆ ಯಾರು ಎಂದು ಗೊತ್ತಾಗಲಿ.

ಎರಡನೆಯದಾಗಿ, ಪಾಪನಿವೇದನೆಯ ದಿನ ಮೊದಲು ತಾಯಿಯನ್ನು ಕಳುಹಿಸಿ. ಆಕೆ ಬರುವವರೆಗೆ ಮಕ್ಕಳನ್ನು ತಂದೆ ನೋಡಿಕೊಳ್ಳಲಿ.

ಮೂರನೆಯದಾಗಿ, ಬಲಿಪೂಜೆಗೆ ಮನೆಯವರೆಲ್ಲ ಒಟ್ಟಿಗೆ ಹೊರಡಿ, ಮಗು ತಂದೆಯ ಹೆಗಲ ಮೇಲಿರಲಿ.

ನಾಲ್ಕನೆಯದಾಗಿ, ಹಬ್ಬದ ಮಧ್ಯಾಹ್ನ ತಾಯಿಗೆ ಮೊದಲು ಬಡಿಸಿ. ಉಂಡ ತಾಟನ್ನು ಉಂಡವರೇ ತೊಳೆಯಲಿ.

ಐದನೆಯದಾಗಿ, ಮಕ್ಕಳು ದೂರದಲ್ಲಿದ್ದು ಒಂಟಿಯಾಗಿ ದಾರಿ ಕಾಯುವ ತಾಯಿ, ಗಂಡನನ್ನು ಕಳೆದುಕೊಂಡ ತಾಯಿ ನಿಮ್ಮ ಓಣಿಯಲ್ಲಿದ್ದರೆ ಅವರನ್ನು ಊಟಕ್ಕೆ ಕರೆಯಿರಿ.

ಕ್ರಿಸ್ತಜಯಂತಿಯ ಬೆನ್ನಲ್ಲೇ ಪವಿತ್ರ ಕುಟುಂಬದ ಹಬ್ಬ ಬರುತ್ತದೆ. ಜಗದ್ಗುರು ಹದಿನೈದನೆಯ ಬೆನೆಡಿಕ್ಟರು 1921ರಲ್ಲಿ ಅದನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಎಂಟನೆಯ ದಿನ, ಜನವರಿ 1ರಂದು, ದೇವಮಾತೆ ಮರಿಯಮ್ಮನವರ ಮಹೋತ್ಸವ. ಮಗನ ಹಬ್ಬವನ್ನು ತಾಯಿಯ ಹಬ್ಬದೊಂದಿಗೆ ಪೂರ್ಣಗೊಳಿಸುವುದು ಧರ್ಮಸಭೆಯ ಪದ್ಧತಿ. ಕುಟುಂಬವನ್ನು ಗೃಹ ಧರ್ಮಸಭೆ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಕರೆದಿರುವಾಗ, ಮನೆಯಲ್ಲಿಯೂ ಅದೇ ಪದ್ಧತಿ ಇರುವುದು ಯುಕ್ತವಲ್ಲವೇ?

ಪ್ರಾರ್ಥಿಸೋಣ: ಗೋದಲಿಯಲ್ಲಿ ಪವಡಿಸಿದ ಪ್ರಭುವೇ, ತಾಯಿಯ ಕೈತುತ್ತು ಉಂಡು ಬೆಳೆದವರು ನೀವು. ನಮ್ಮ ಮನೆಯ ತಾಯಂದಿರ ದಣಿದ ಕೈಗಳನ್ನು ಆಶೀರ್ವದಿಸಿರಿ. ಅವರ ದಣಿವನ್ನು ಕಾಣುವ ಕಣ್ಣನ್ನು, ಹೆಗಲು ಕೊಡುವ ಮನಸ್ಸನ್ನು ನಮಗೆ ದಯಪಾಲಿಸಿರಿ. ನಿಮ್ಮ ಹಬ್ಬ ಅವರಿಗೂ ಹಬ್ಬವಾಗಲಿ. ಆಮೆನ್.