ಸಮಾಧಾನವೋ, ಸಾಲವೋ?

ಮನಃಶಾಂತಿಯನ್ನು ಬಯಸದ ಮನುಷ್ಯನಿಲ್ಲ. ಆದರೆ ಶಾಂತಿಯಂತೆ ತೋರುವುದೆಲ್ಲವೂ ಶಾಂತಿಯಲ್ಲ. ಅಶಾಂತಿಯನ್ನು ತಾನೇ ಹುಟ್ಟಿಸಿ, ಅದನ್ನು ಕ್ಷಣಕಾಲ ತಾನೇ ಅಡಗಿಸುವ ವಸ್ತುವನ್ನು ಉಪಕಾರಿಯೆನ್ನಬಹುದೇ ಎಂಬುದು ವಿಚಾರಣೀಯವಾದ ಪ್ರಶ್ನೆ.

ಇಂದು ವಿಶ್ವವಿದ್ಯಾಲಯಗಳಲ್ಲಿ ಓದುವ ತರುಣರಲ್ಲಿ ಕೆಲವರು ‘ವೇಪ್’ ಎಂಬ ಇ-ಸಿಗರೇಟಿಗೆ ವಶರಾಗಿರುವರು. ಚೀನಾ ದೇಶದ ಔಷಧತಜ್ಞನಾದ ಹೋನ್ ಲಿಕ್ ೨೦೦೩ರಲ್ಲಿ ಇದರ ಆಧುನಿಕ ರೂಪವನ್ನು ನಿರ್ಮಿಸಿದನು. ಬ್ಯಾಟರಿಯ ಶಾಖದಿಂದ ದ್ರವವು ಆವಿಯಾಗುತ್ತದೆ. ಆವಿಯೊಡನೆ ಹೊಗೆಸೊಪ್ಪಿನ ಸಾರವಾದ ನಿಕೋಟಿನ್ ಶ್ವಾಸಕೋಶವನ್ನು ಸೇರಿ, ಕೆಲವೇ ಕ್ಷಣಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಬೂದಿಯಿಲ್ಲ, ಬೀಡಿಯ ನಾತವಿಲ್ಲ. ಹಣ್ಣಿನ ಪರಿಮಳವೇ ಇರುವುದರಿಂದ ಮನೆಯವರಿಗೆ ಸಂಶಯವೂ ಬಾರದು.

ಭಾರತ ಸರ್ಕಾರವು ೨೦೧೯ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆಯಿಂದಲೂ, ಅದೇ ವರ್ಷದ ಡಿಸೆಂಬರಿನಲ್ಲಿ ಕಾಯಿದೆಯಿಂದಲೂ ಇದರ ತಯಾರಿಕೆ, ಆಮದು, ಮಾರಾಟ, ಜಾಹೀರಾತುಗಳನ್ನು ನಿಷೇಧಿಸಿತು. ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆ, ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಉಂಟು. ಆದರೂ ಗುಟ್ಟಿನ ವ್ಯಾಪಾರ ನಿಂತಿಲ್ಲ. ಶಾಸನವು ಅಂಗಡಿಯ ಬಾಗಿಲನ್ನು ಮುಚ್ಚಬಲ್ಲುದು. ಮನದ ಬಾಗಿಲನ್ನು ಮುಚ್ಚಲಾರದು.

ಊರು ಬಿಟ್ಟ ಒಂಟಿತನ, ಪರೀಕ್ಷೆಯ ಭಯ, ಉದ್ಯೋಗದ ಚಿಂತೆಗಳಿಂದ ಬಳಲಿದ ವಿದ್ಯಾರ್ಥಿಯು, “ಇದನ್ನು ಸೇದಿದರೆ ಮನಸ್ಸು ಹಗುರಾಗುತ್ತದೆ” ಎನ್ನುವನು. ಅವನು ಹೇಳುವುದು ಸುಳ್ಳಲ್ಲ, ಅರ್ಧಸತ್ಯ. ಚಟಕ್ಕೆ ಒಗ್ಗಿದ ದೇಹದಲ್ಲಿ ನಿಕೋಟಿನ್ ಇಳಿದಂತೆಲ್ಲ ಸಿಡುಕು, ಚಡಪಡಿಕೆ, ಏಕಾಗ್ರತೆಯ ಭಂಗಗಳು ತಲೆದೋರುವುವು. ಮರಳಿ ಸೇದಿದೊಡನೆ ಅವು ಅಡಗುವುವು. ರಾತ್ರಿ ಮನೆಯ ಕಾಳನ್ನು ಕದ್ದು, ಬೆಳಗಾದ ಮೇಲೆ ಅದೇ ಕಾಳನ್ನು ಬಡ್ಡಿಗೆ ಕೊಡುವ ಸಾಲಿಗನಂತೆ ಇದರ ಉಪಕಾರ. ಮಿದುಳು ಸುಮಾರು ಇಪ್ಪತ್ತೈದನೆಯ ವಯಸ್ಸಿನವರೆಗೂ ಬೆಳೆಯುತ್ತಲಿರುವುದರಿಂದ ಎಳೆಯರಿಗೆ ಈ ಋಣವು ಬೇಗನೆ ಅಂಟುವುದು.

ಇಲ್ಲಿ ಒಂದು ಆಕ್ಷೇಪವುಂಟು. ದುಃಖಿಯಾದವನೇ ಚಟದತ್ತ ಸರಿಯುವುದರಿಂದ, ದುಃಖಕ್ಕೆ ಚಟವು ಕಾರಣವೆಂಬುದು ಹೇಗೆ? ಆಕ್ಷೇಪವು ನ್ಯಾಯವಾದುದೇ. ವೇಪ್ ಸೇದುವವರಲ್ಲಿ ಆತಂಕ, ಖಿನ್ನತೆಗಳು ಹೆಚ್ಚಾಗಿ ಕಂಡುಬಂದಿವೆಯಾದರೂ, ಬೀಜ ಯಾವುದು, ವೃಕ್ಷ ಯಾವುದು ಎಂದು ಅಷ್ಟರಿಂದಲೇ ನಿರ್ಣಯಿಸಲಾಗದು. ಎರಡೂ ಒಂದನ್ನೊಂದು ಪೋಷಿಸುತ್ತಿರಬಹುದು. ಆದರೆ ಸಿಗರೇಟಿನ ವಿಷಯದಲ್ಲಿ ೨೬ ಅಧ್ಯಯನಗಳನ್ನು ಪರಿಶೀಲಿಸಿ ೨೦೧೪ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವು, ಧೂಮಪಾನವನ್ನು ಬಿಟ್ಟವರಲ್ಲಿ ಆತಂಕ, ಖಿನ್ನತೆ, ಒತ್ತಡಗಳು ಕಡಮೆಯಾದುದನ್ನು ತೋರಿಸಿತು. ಬಿಟ್ಟರೆ ಮನಸ್ಸು ಕುಸಿಯುವುದೆಂಬ ಭಯಕ್ಕೆ ಇದು ತಕ್ಕ ಉತ್ತರ.

ಆದುದರಿಂದ ಹಿರಿಯರು ಚಟವನ್ನು ಮಾತ್ರ ಕಂಡು ವ್ಯಥೆಯನ್ನು ಕಾಣದಿದ್ದರೆ ಅದು ಅರ್ಧದೃಷ್ಟಿ. ವ್ಯಥೆಯನ್ನು ಮಾತ್ರ ಕಂಡು ಚಟವನ್ನು ಮನ್ನಿಸಿದರೂ ಅರ್ಧದೃಷ್ಟಿಯೇ. ಬಾಯಲ್ಲಿ ತಂಬಾಕು ಅಗಿಯುತ್ತ ಮಗನಿಗೆ ಸಂಯಮವನ್ನು ಬೋಧಿಸುವ ತಂದೆಯ ನುಡಿಗೆ ನಡೆಯ ಬೆಂಬಲವಿಲ್ಲ. “ಏಕೆ ಕೆಟ್ಟೆ?” ಎಂದು ಕೇಳುವುದಕ್ಕೆ ಮೊದಲು “ರಾತ್ರಿ ನಿದ್ದೆ ಬರುತ್ತಿದೆಯೇ, ಮಗು?” ಎಂದು ಕೇಳಬೇಕು. ಗದರಿಕೆಯಿಂದ ಚಟವು ಸಾಯದು, ಅಡಗಿಕೊಳ್ಳುವುದು. ಅವಶ್ಯವಾದರೆ ವೈದ್ಯರ ನೆರವು ಪಡೆಯುವುದರಲ್ಲಿ ಅವಮಾನವಿಲ್ಲ. ಸರ್ಕಾರದ ಟೆಲಿ-ಮಾನಸ್ ದೂರವಾಣಿ ೧೪೪೧೬ ಹಗಲಿರುಳು ತೆರೆದಿದೆ.

ತನ್ನ ಮನಸ್ಸು ತನ್ನ ಅಧೀನದಲ್ಲಿರುವುದೇ ಸ್ವಾತಂತ್ರ್ಯ. ಅದನ್ನು ಅಡವಿಟ್ಟು ಪಡೆದ ಸಮಾಧಾನವು ಸಾಲವೇ ಹೊರತು ಸಂಪತ್ತಲ್ಲ. ಆ ಸಾಲವನ್ನು ತೀರಿಸಲು ಹೊರಟ ತರುಣನ ಪಕ್ಕದಲ್ಲಿ ನಿಲ್ಲುವುದು ಮನೆಯವರೆಲ್ಲರ ಧರ್ಮ.