ಬೆಲ್ಲ ಮತ್ತು ಸರಪಳಿ

ಸಕ್ರೆಬೈಲು ಬಿಡಾರದ ಆನೆಗಳನ್ನು ರಾತ್ರಿ ಮೇಯಲು ಕಾಡಿಗೆ ಬಿಡುತ್ತಾರೆ, ಕಾಲಿಗೆ ಉದ್ದ ಸರಪಳಿ ಹಾಕಿ. ಬೆಳಿಗ್ಗೆ ಅದು ಎಳೆದ ಗೆರೆ ಹಿಡಿದು ಕಾವಾಡಿಗರು ಹುಡುಕಿ ತರುತ್ತಾರೆ. ತುಂಗೆಯಲ್ಲಿ ಸ್ನಾನ, ಆಮೇಲೆ ಬೆಲ್ಲ ಸೇರಿಸಿದ ತಿನಿಸು.

ಅದನ್ನು ನೋಡುತ್ತಾ ನಿಂತಿದ್ದಾಗಲೇ ಮೊಬೈಲ್ ಸದ್ದು ಮಾಡಿತು: 60 ರೂಪಾಯಿ ಕ್ಯಾಶ್‌ಬ್ಯಾಕ್. ಖುಷಿಯಾಯಿತು, ಸುಳ್ಳೇಕೆ?

ಇಂಟರ್ನೆಟ್, ಟಿವಿ, ಮೊಬೈಲ್ ಮೂರಕ್ಕೂ ಸೇರಿ ಒಂದೇ ಪ್ಯಾಕ್. ತಿಂಗಳಿಗೆ 1,200 ರೂಪಾಯಿ. ಕಾರ್ಡಿನಲ್ಲಿ ಕಟ್ಟಿದರೆ ಶೇ 5 ವಾಪಸು. ಮೊದಲು ಬಿಡಿಬಿಡಿಯಾಗಿ ಕಟ್ಟುತ್ತಿದ್ದದ್ದು 850. ನಮ್ಮ ಮನೆಯಲ್ಲಿ ಟಿವಿ ಹಾಕುವುದೇ ಅಪರೂಪ. ಬಂದ 60 ಸದ್ದು ಮಾಡುತ್ತದೆ, ಹೆಚ್ಚಿಗೆ ಹೋದ 290 ಮಾಡುವುದಿಲ್ಲ.

ಅಮ್ಮನ ಲೆಕ್ಕವೇ ಬೇರೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ನಮಗೆ ಕರೆಂಟ್ ಬಿಲ್ ಸೊನ್ನೆ. ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ. ಆದರೂ ಅವಳು ಕೋಣೆ ಕೋಣೆಗೆ ಹೋಗಿ ಲೈಟ್ ಆಫ್ ಮಾಡುತ್ತಾಳೆ. ‘ಉಳಿಸಿದರೆ ಯಾರೂ ಏನೂ ಕೊಡಲ್ಲಮ್ಮ’ ಎಂದೆ.

‘ಕೊಡ್ತಾರೆ ಅಂತ ಆಫ್ ಮಾಡ್ತೀನಾ?’

ಆನೆಯನ್ನು ಕೇಳಿ ಯಾರೂ ಸರಪಳಿ ಹಾಕಲಿಲ್ಲ. ಒಟಿಪಿ ಒತ್ತಿದವನು ನಾನೇ. ಬಿಡಿಸಿಕೊಳ್ಳಲು ಫೋನ್ ಮಾಡಿದರೆ, ಕರಾರು ಮುಗಿಯಲು ಇನ್ನೂ ನಾಲ್ಕು ತಿಂಗಳಿದೆಯಂತೆ.