ನೀರು ತುಂಬಿ ಸಾಯುವ ಬಾವಿ

ಅಹಮದಾಬಾದಿನ ನವರಂಗಪುರದಲ್ಲಿ ನಾನಿರುವ ಮನೆಗೆ ಅಡುಗೆ ಗ್ಯಾಸು ಕೊಳವೆಯಲ್ಲೇ ಬರುತ್ತದೆ. ಸಿಲಿಂಡರನ್ನು ಅಲ್ಲಾಡಿಸಿ ಇನ್ನೆಷ್ಟು ದಿನ ಬಂದೀತೆಂದು ಲೆಕ್ಕ ಹಾಕುವ ನಮ್ಮೂರ ಅಭ್ಯಾಸ ಇಲ್ಲಿ ತಾನಾಗಿ ಬಿಟ್ಟುಹೋಯಿತು. ತಿರುವಿದರೆ ನೀಲಿ ಉರಿ, ಅಷ್ಟೆ. ಮುಗಿಯುವುದು ಕಣ್ಣಿಗೆ ಬೀಳದಿದ್ದರೆ, ಅದು ಮುಗಿಯುವಂಥದ್ದು ಎಂಬುದೇ ಮರೆತುಹೋಗುತ್ತದೆ. ನನಗೆ ಅದನ್ನು ನೆನಪಿಸಿದ್ದು ಕಲೋಲಿನ ಒಂದು ಹೊಲ.

ಕಲೋಲ್ ಇಲ್ಲಿಂದ ಉತ್ತರಕ್ಕೆ, ಮೆಹ್ಸಾಣಾ ಹೆದ್ದಾರಿಯಲ್ಲಿದೆ. ಹೊಲದಲ್ಲಿ ಹರಳು ಗಿಡ ಆಳೆತ್ತರ ಬೆಳೆದಿತ್ತು. ನಡುವೆ ತಂತಿಬೇಲಿ, ಬೇಲಿಯೊಳಗೆ ಒಂದು ಕಬ್ಬಿಣದ ಏತ. ಏತವೆನ್ನದೆ ಬೇರೇನೂ ಹೇಳಲು ತೋಚಲಿಲ್ಲ. ನಮ್ಮ ಹಿರಿಯರು ನೀರೆತ್ತುತ್ತಿದ್ದ ಏತದಂತೆಯೇ ಅದರ ಒಂದು ತುದಿ ಬಾಗಿದರೆ ಇನ್ನೊಂದು ಏಳುತ್ತಿತ್ತು. ಪದ ಹೇಳುತ್ತ ಏತ ತುಳಿಯುವವರ ಜಾಗದಲ್ಲಿ ಮೋಟಾರು ಗುಂಯ್‌ಗುಡುತ್ತಿತ್ತು. ಗೊನೆ ಕೊಯ್ಯುತ್ತಿದ್ದ ಹಿರಿಯರೊಬ್ಬರನ್ನು, "ಕಾಕಾ, ಇದು ಯಾವಾಗಿನಿಂದ ಇದೆ?" ಎಂದು ಕೇಳಿದೆ. "ನಾನು ಹುಡುಗನಾಗಿದ್ದಾಗ ಹಾಕಿದ್ದು. ಆಗ ಎಣ್ಣೆ ಬರುತ್ತಿತ್ತು. ಈಗ ನೀರೇ ಜಾಸ್ತಿಯಂತೆ," ಎಂದು ಹೇಳಿ ಕೊಯ್ಲಿಗೆ ತಿರುಗಿದರು.

ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಕಲ್ಲೆಣ್ಣೆ ಭೂಮಿಯೊಳಗೆ ಕೆರೆಯಂತೆ ನಿಂತಿರುವುದಿಲ್ಲ. ಮರಳುಗಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ, ಒತ್ತಡದಲ್ಲಿ, ಹೆಚ್ಚಾಗಿ ನೀರಿನ ಮೇಲೆ ಕೂತಿರುತ್ತದೆ. ಎಣ್ಣೆ ಎತ್ತಿದಷ್ಟೂ ಆ ತೆರವಿಗೆ ನೀರು ಏರುತ್ತದೆ. ಒತ್ತಡ ಇಳಿದಾಗ ಎಣ್ಣೆಯನ್ನು ಮುಂದಕ್ಕೆ ತಳ್ಳಲೆಂದು ಮೇಲಿನಿಂದಲೂ ನೀರು ಹಾಕುತ್ತಾರೆ. ಬಾವಿಗೆ ವಯಸ್ಸಾದಂತೆ ಎಣ್ಣೆ ತಗ್ಗಿ ನೀರು ಹೆಚ್ಚುತ್ತದೆ. ಬೇರ್ಪಡಿಸುವ ಖರ್ಚು ಎಣ್ಣೆಯ ಬೆಲೆಯನ್ನು ಮೀರಿದ ದಿನ ಮುಚ್ಚುತ್ತಾರೆ. ನಮ್ಮ ಕೋಲಾರದ ಕೊಳವೆಬಾವಿ ನೀರಿಲ್ಲದೆ ಸಾಯುತ್ತದೆ. ಇಲ್ಲಿಯದು ನೀರು ತುಂಬಿ ಸಾಯುತ್ತದೆ.

ಅನಿತ್ಯ ಎಂದರೆ ಬರಿದಾಗುವುದು ಎಂದುಕೊಂಡಿದ್ದೆ. ಹಣತೆ ಆರುವುದು, ಕಣಜ ಖಾಲಿಯಾಗುವುದು. ಆದರೆ ಕಲೋಲಿನ ಏತ ನಿಂತಿರಲಿಲ್ಲ. ಅದೇ ಸದ್ದು, ಅದೇ ಬಾಗು. ಮೇಲೆ ಬರುವ ಪದಾರ್ಥ ಮಾತ್ರ ಬದಲಾಗಿತ್ತು. ಒಂದು ಊರು, ಒಂದು ಮನೆತನ, ಒಂದು ಸ್ನೇಹ ಹೀಗೆಯೇ ತೆಳುವಾಗುತ್ತ ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಏತ ಆಡುತ್ತಿದೆಯಲ್ಲ ಎಂದು ಸಮಾಧಾನಪಟ್ಟಿದ್ದೇವೆ.

1960ರಲ್ಲಿ ಅಂಕಲೇಶ್ವರದಲ್ಲಿ ಎಣ್ಣೆ ಸಿಕ್ಕಾಗ ನೆಹರೂ ಅಲ್ಲಿಯ ಬಾವಿಗೆ ಇಟ್ಟ ಹೆಸರು ವಸುಧಾರಾ, ಸಂಪತ್ತಿನ ಧಾರೆ. ನಮ್ಮಲ್ಲಿ ಧಾರೆ ಎರೆಯುವುದೆಂದರೆ ಕೊಟ್ಟು ಕೈಬಿಡುವುದು. ಎರೆದದ್ದನ್ನು ಮರಳಿ ಕೇಳುವಂತಿಲ್ಲ. ಭೂಮಿ ಎರೆದ ಧಾರೆಯೂ ಅಂಥದ್ದೇ. ಆ ಎಣ್ಣೆ ಸಂಸ್ಕರಿಸಲು ವಡೋದರಾ ಬಳಿಯ ಕೋಯಲಿಯಲ್ಲಿ ಎದ್ದ ಕಾರ್ಖಾನೆಯನ್ನು 1966ರ ಅಕ್ಟೋಬರಿನಲ್ಲಿ ದೇಶಕ್ಕೆ ಅರ್ಪಿಸಿದವರು ರಾಷ್ಟ್ರಪತಿ ರಾಧಾಕೃಷ್ಣನ್, 1918ರಿಂದ 1921ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರ ಪಾಠ ಹೇಳಿದ ಮೇಷ್ಟ್ರು. ಉಪನಿಷತ್ತಿಗೆ ವ್ಯಾಖ್ಯಾನ ಬರೆದ ಕೈ ಎಣ್ಣೆ ಕಾರ್ಖಾನೆಯನ್ನು ಅರ್ಪಿಸಿತು ಎಂಬುದರಲ್ಲಿ ನನಗೆ ವಿರೋಧ ಕಾಣುವುದಿಲ್ಲ. ಉಳಿಯದ್ದನ್ನು ಅದು ಉಳಿಯದ್ದೆಂದು ತಿಳಿದೇ ಬಳಸಬೇಕಾದವರು ನಾವು.

ತಿಳಿಯದೆ ಬಳಸಿದರೆ ಏನಾಗುತ್ತದೆಂದು 1991 ತೋರಿಸಿತು. ಹಿಂದಿನ ವರ್ಷದ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿ ಎಣ್ಣೆಯ ಬೆಲೆ ಏರಿತ್ತು. ಮೊದಲೇ ಸಾಲದಲ್ಲಿದ್ದ ನಮ್ಮ ಬೊಕ್ಕಸದಲ್ಲಿ ಎರಡು ಮೂರು ವಾರದ ಆಮದಿಗಷ್ಟೇ ಸಾಕಾಗುವ ವಿದೇಶಿ ಹಣ ಉಳಿದಿತ್ತು. ಸುಮಾರು 47 ಟನ್ ಬಂಗಾರವನ್ನು ಇಂಗ್ಲೆಂಡ್ ಮತ್ತು ಜಪಾನಿನ ಬ್ಯಾಂಕುಗಳಲ್ಲಿ ಒತ್ತೆ ಇಡಬೇಕಾಯಿತು. ಹತ್ತು ವರ್ಷ ಕಳೆದು, 2001ರ ಫೆಬ್ರವರಿ 28ರಂದು, ಬಂಗಾರ ಅಗೆಯುತ್ತಿದ್ದ ನಮ್ಮ ಕೆ.ಜಿ.ಎಫ್. ಗಣಿಯೂ ಮುಚ್ಚಿತು. 1902ರಲ್ಲೇ ಶಿವನಸಮುದ್ರದ ಕರೆಂಟು ಕಂಡ, ಮೂರು ಕಿಲೋಮೀಟರಿಗೂ ಆಳ ಇಳಿದ ಗಣಿ ಅದು. ಈಗ ಸಯನೈಡ್ ದಿಬ್ಬಗಳು ನಿಂತಿವೆ, ಗಾಳಿ ಬೀಸಿದರೆ ದೂಳು. ಆದರೂ ಅಗೆದ ಬಂಗಾರ ಯಾರದೋ ಕೊರಳಲ್ಲಿ, ಯಾವುದೋ ತಿಜೋರಿಯಲ್ಲಿ ಇದೆ. ಒತ್ತೆ ಇಟ್ಟದ್ದನ್ನೂ ಬಿಡಿಸಿಕೊಂಡೆವು. ಸುಟ್ಟ ಎಣ್ಣೆಯನ್ನು ಯಾರ ಬಳಿ ಹೋಗಿ ಬಿಡಿಸಿಕೊಳ್ಳುವುದು?

ಇಂದು ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಹೊರಗಿನದು. ಹಾಗಾಗಿ ಗುಜರಾತಿನಲ್ಲಿ ನೆಲದಿಂದ ಎತ್ತುವ ಕೆಲಸ ನಡೆದಿದ್ದರೆ, ನಮ್ಮ ಕರಾವಳಿಯಲ್ಲಿ ನೆಲದೊಳಗೆ ತುಂಬುವ ಕೆಲಸ ನಡೆದಿದೆ. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆ ಕೊರೆದ ಗುಹೆಗಳು 25 ಲಕ್ಷ ಟನ್ ಹಿಡಿಯುತ್ತವೆ, ಮಂಗಳೂರಿನವು 15 ಲಕ್ಷ. ವಿಶಾಖಪಟ್ಟಣದ್ದನ್ನೂ ಸೇರಿಸಿ ತುಂಬಿದರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನದ ಎಣ್ಣೆ. ಮಳೆಗಾಲಕ್ಕೆಂದು ಸೌದೆ ಒಟ್ಟುವ ಕರಾವಳಿಯ ಅಜ್ಜಿಯಂದಿರು ಇದಕ್ಕಿಂತ ದೂರದ ಲೆಕ್ಕ ಹಾಕುತ್ತಿದ್ದರು.

ಮುಗಿಯುವ ಎಣ್ಣೆಗೆ ಬದಲು ಬಿಸಿಲಿನಿಂದ ಕರೆಂಟು ಮಾಡಿಕೊಳ್ಳಬಹುದು. ಹಾಗೆಂದು ಬಿಸಿಲು ನಮ್ಮನ್ನು ಅನಿತ್ಯದಿಂದ ಪಾರುಮಾಡುತ್ತದೆ ಎಂದೂ ಅಲ್ಲ. ಕಲೋಲಿನಾಚೆಯ ಮೆಹ್ಸಾಣಾ ಜಿಲ್ಲೆಯಲ್ಲಿ, ಹನ್ನೊಂದನೆಯ ಶತಮಾನದ ಸೂರ್ಯ ದೇವಾಲಯವಿರುವ ಮೊಢೇರಾವನ್ನು 2022ರಲ್ಲಿ ಹಗಲಿರುಳೂ ಸೌರ ವಿದ್ಯುತ್ತಿನಲ್ಲೇ ನಡೆಯುವ ದೇಶದ ಮೊದಲ ಗ್ರಾಮವೆಂದು ಸಾರಿದರು. ಆ ಗುಡಿಯ ಗರ್ಭಗೃಹದಲ್ಲಿ ಮೂರ್ತಿಯಿಲ್ಲ. ಊರಿನ ಚಾವಣಿಗಳ ಮೇಲಿನ ಫಲಕಗಳೂ ಇಪ್ಪತ್ತೈದು ಮೂವತ್ತು ವರ್ಷಕ್ಕೆ ಮಸುಕಾಗುವಂಥವೇ. ವ್ಯತ್ಯಾಸ ಇಷ್ಟೇ: ಫಲಕ ಹೋದರೆ ಬಿಸಿಲು ಹೋಗುವುದಿಲ್ಲ.

ಕಾಕಾನ ಹೊಲದಲ್ಲಿ ಎರಡು ಎಣ್ಣೆಗಳಿದ್ದವು. ಮೇಲಿನದು ಹರಳಿನದು, ಬಿತ್ತಿದರೆ ಮುಂದಿನ ವರ್ಷವೂ ಬಂದೀತು. ಅದು ದುಡಿಮೆ. ಕೆಳಗಿನದು ಕೋಟಿಗಟ್ಟಲೆ ವರ್ಷ ಕೂಡಿಟ್ಟ ಇಡುಗಂಟು. ಇಡುಗಂಟನ್ನು ಒಡೆಯಲೇಬಾರದೆಂದಿಲ್ಲ, ಮಗಳ ಓದಿಗೆ, ಮನೆಯ ಸೂರಿಗೆ ಎಲ್ಲರೂ ಒಡೆಯುತ್ತೇವೆ. ಒಡೆದದ್ದನ್ನು ಸಂಬಳವೆಂದು ಲೆಕ್ಕ ಬರೆದ ಮನೆ ಮಾತ್ರ ಉಳಿಯುವುದಿಲ್ಲ.